ಪರಸಿ ಕಲ್ಲು, ಕ್ಲಾರನೆಟ್ ಮತ್ತು ಕಮಲಾಪುರದ ಒಂದು ಮಳೆಗಾಲ

ಹೋದ ವಾರ ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿನಲ್ಲಿ ಆಟೋ ಕಾಯುತ್ತ ನಿಂತಿದ್ದೆ. ಪಕ್ಕದ ಹಣ್ಣಿನ ಗಾಡಿಯವನು ಗೋಣಿತಟ್ಟು ಸರಿಸಿದ. ಒಳಗೆ ಕಮಲಾಪುರದ ಕೆಂಪು ಬಾಳೆ. ಅದು ಪೂರ್ತಿ ಹಣ್ಣಾಗಿ, ಸಿಪ್ಪೆ ಇನ್ನೇನು ಕಪ್ಪಾಗಬೇಕು ಅನ್ನುವ ಹೊತ್ತಿಗೆ ಒಂದು ವಾಸನೆ ಬರುತ್ತದೆ. ಸಿಹಿಯ ಕೆಳಗೆ ಒಣಹುಲ್ಲು, ಹೊಗೆ, ಒದ್ದೆ ಮಣ್ಣು. ಮೂಗಿಗೆ ಅದು ಬಡಿದದ್ದೇ ತಡ, ಆಟೋ ಮರೆತೆ. ಯಾವ ಕಡೆಯಿಂದಲೋ ಕ್ಲಾರನೆಟ್ಟಿನ ತಗ್ಗಿದ ಸ್ವರವೊಂದು ಕೇಳಿದಂತಾಯಿತು. ಅಲ್ಲೆಲ್ಲೂ ಕ್ಲಾರನೆಟ್ ಇರಲಿಲ್ಲ, ನನಗೂ ಗೊತ್ತಿತ್ತು. ಆದರೂ ತಿರುಗಿ ನೋಡಿದೆ.

ನಾನು ಭೌತಶಾಸ್ತ್ರ ಕಲಿಸುವವಳು. ಕೆಲವು ವರ್ಷಗಳ ಹಿಂದೆ ಒಂದು ವರ್ಷದ ಮಟ್ಟಿಗೆ ನನ್ನನ್ನು ಕಮಲಾಪುರದ ಕಾಲೇಜಿಗೆ ಹಾಕಿದರು. ಕಲಬುರಗಿಯಿಂದ ಬಸ್ಸಿನಲ್ಲಿ ತಾಸು, ತಾಸೂಕಾಲಿನ ದಾರಿ. ದಿನಾ ಓಡಾಡಬಹುದಿತ್ತು. ಆದರೆ ಆ ಬೇಸಿಗೆಯಲ್ಲಿ ಅಪ್ಪ ತೀರಿಕೊಂಡಿದ್ದರು, ಮನೆಯಲ್ಲಿ ಇರುವುದು ನನಗೆ ಬೇಡವಾಗಿತ್ತು. ಕಮಲಾಪುರದಲ್ಲೇ ಒಂದು ಖೋಲಿ ಹಿಡಿದೆ.

ಅಪ್ಪ ಪರಸಿ ಹಾಸುವ ಗೌಂಡಿ. ನಮ್ಮ ಕಡೆ ಮನೆಯ ನೆಲಕ್ಕೆಲ್ಲ ಆ ಬೂದುಬಣ್ಣದ ಚಪ್ಪಡಿ ಕಲ್ಲೇ. ಹಾಸುವ ಮೊದಲು ಪ್ರತಿ ಕಲ್ಲನ್ನೂ ಒಂದು ಕೈಯಲ್ಲಿ ತೂಗಿ ಹಿಡಿದು ಸುತ್ತಿಗೆಯ ಹಿಡಿಯಿಂದ ಬಡಿಯುತ್ತಿದ್ದರು. ಒಳಗೆ ಸೀಳಿದ್ದರೆ 'ಬದ್' ಅನ್ನುವುದು, ಗಟ್ಟಿ ಇದ್ದರೆ 'ಟಣ್' ಅನ್ನುವುದು. ಹಾಗೆ ಬಡಿಯುವಾಗ ಎಲ್ಲೋ ಒಂದು ಕಲ್ಲು ಗಂಟೆಯ ಹಾಗೆ ಬಹಳ ಹೊತ್ತು ಉಲಿದರೆ ಅದನ್ನು ನೆಲಕ್ಕೆ ಹಾಕುತ್ತಿರಲಿಲ್ಲ. ಮಾಲಕರಿಗೆ ಬೇರೆ ಕಲ್ಲು ತಂದುಕೊಟ್ಟು, ಅದನ್ನು ಸೈಕಲ್ಲಿಗೆ ಕಟ್ಟಿ ಮನೆಗೆ ತರುತ್ತಿದ್ದರು. ಹಿತ್ತಲ ಗೋಡೆಗೆ ಒರಗಿಸಿ ಇಡುತ್ತಿದ್ದರು. ಯಾಕೆ ಅಂತ ನಾವು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಅವರು ಹೋದ ಮೇಲೆ ಅಣ್ಣ ಹಿತ್ತಲಿಗೆ ಕಾಂಕ್ರೀಟ್ ಹಾಕಿಸಲು ಹೊರಟ. ಈ ಕಲ್ಲು ಒಡೆದು ತಳಕ್ಕೆ ತುಂಬುವುದು ಅಂತಾಯಿತು. ನಾನು ಹನ್ನೊಂದು ಕಲ್ಲು ಎತ್ತಿಟ್ಟುಕೊಂಡೆ.

"ಕಲ್ಲು ಒಯ್ದು ಏನ್ ಮಾಡ್ತಿ?" ಅಂದ ಅಣ್ಣ.

"ಗೊತ್ತಿಲ್ಲ," ಅಂದೆ. ನಿಜವಾಗಿ ಗೊತ್ತಿರಲಿಲ್ಲ.

ಪ್ರತಿ ಸೋಮವಾರ ಎರಡೆರಡರಂತೆ ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಒಯ್ದೆ. ಮೂರನೇ ವಾರ ಕಂಡಕ್ಟರ್ ಚೀಲ ಎತ್ತಲು ಹೋಗಿ ಸೊಂಟ ಹಿಡಿದುಕೊಂಡ. "ಏನ್ರೀ ಮೇಡಂ, ಬಸ್ಸಿನ್ಯಾಗ ಕಟ್ಟಾಕತ್ತೀರೇನು ಮನಿ?" ಅಂದ. ಬಸ್ಸಿಗೆ ಬಸ್ಸೇ ನಕ್ಕಿತು. ಅಪ್ಪ ಹೋದಮೇಲೆ ನಾನು ನಕ್ಕದ್ದು ಅವತ್ತೇ ಮೊದಲು.

ಖೋಲಿ ಕೊಟ್ಟವಳು ಬಸಮ್ಮ. ಅರವತ್ತರ ಹತ್ತಿರದ ಹೆಂಗಸು, ಎರಡೆಕರೆ ಬಾಳೆತೋಟವನ್ನು ಒಬ್ಬಳೇ ನಡೆಸುವವಳು. ಮನೆಯ ಹಿಂದೆ, ಅಂಗಳ ದಾಟಿದರೆ, ಬಾಳೆಗೊನೆ ಹಣ್ಣಿಗೆ ಹಾಕುವ ಕೋಣೆ ಇತ್ತು. ಮಣ್ಣಿನ ದಪ್ಪ ಗೋಡೆ, ಕುಳ್ಳ ಬಾಗಿಲು, ಮೇಲೆ ಕೈ ಹಿಡಿಯುವಷ್ಟೇ ಒಂದು ಕಿಂಡಿ. ಒಳಗೆ ಮೊಣಕಾಲುದ್ದ ಹುಲ್ಲು. ಮಾಗಿದ ಹಣ್ಣಿನ ವಾಸನೆ ಗೋಡೆಗೇ ಹಿಡಿದುಬಿಟ್ಟಿತ್ತು. ಬಾಗಿಲು ಎಳೆದುಕೊಂಡರೆ ಹೊರಗಿನ ಬಸ್ಸು, ಮೈಕು, ಜಗಳ ಯಾವುದೂ ಇಲ್ಲ.

ಮಳೆ ಜೋರಾಗಿದ್ದ ವರ್ಷ ಅದು. ಮಧ್ಯಾಹ್ನ ಕಾಲೇಜು ಬಿಟ್ಟು ಬಂದರೆ ಹೊರಗೆ ಕಾಲಿಡುವ ಹಾಗಿಲ್ಲ, ಕರಿಮಣ್ಣು ಚಪ್ಪಲಿಯನ್ನೇ ನುಂಗುತ್ತಿತ್ತು. ನಾನು ಪಡಸಾಲೆಯಲ್ಲಿ ಕೂತು ಕಲ್ಲು ಬಡಿಯುತ್ತಿದ್ದೆ. ನೆಲದ ಮೇಲಿಟ್ಟರೆ ದನಿ ಸತ್ತುಹೋಗುತ್ತದೆ, ಅದು ಪಾಠದ ಮಾತು. ಬಸಮ್ಮನ ಹತ್ತಿರ ಕೊಡದ ಕೆಳಗಿಡುವ ಸಿಂಬಿ ಕೇಳಿದೆ. ಅವಳು ಬಾಳೆನಾರಿನಲ್ಲಿ ಇಪ್ಪತ್ತೆರಡು ಸಿಂಬಿ ಸುತ್ತಿಕೊಟ್ಟಳು. ಒಂದೊಂದು ಕಲ್ಲಿಗೂ ಎರಡೆರಡು. ಲಟ್ಟಣಿಗೆಗೆ ಅರಿವೆ ಸುತ್ತಿ ಬಡಿದರೆ ಕಲ್ಲು ನಿದ್ದೆಯಲ್ಲಿ ಮಾತಾಡಿದ ಹಾಗೆ ಉಲಿಯುತ್ತಿತ್ತು. ಒಂದು ದನಿ ಮತ್ತೊಂದಕ್ಕೆ ಕೂಡುತ್ತಿರಲಿಲ್ಲ. ನನಗೆ ಸಂಗೀತ ಬಾರದು, ಹಾಗಾಗಿ ಅದು ತಪ್ಪು ಅಂತಲೂ ಅನಿಸಲಿಲ್ಲ. ಆಮೇಲೆ ಬಸಮ್ಮನ ತಾಮ್ರದ ಹಂಡೆ ಸೇರಿತು. ಅರ್ಧ ನೀರು ಹಾಕಿ, ಬಡಿದು, ಮೆಲ್ಲಗೆ ಓರೆ ಮಾಡಿದರೆ ದನಿ ಬಾಗುತ್ತಿತ್ತು. ಕೊನೆಗೆ ಬೀಜವಿದ್ದ ಒಣಗಿದ ತೊಗರಿಕಾಯಿಯ ಒಂದು ಕಟ್ಟು, ಅಲುಗಿಸಿದರೆ ದೂರದ ಮಳೆಯಂತೆ.

"ಯವ್ವಾ, ಇದರಾಗ ನಿನಗ ಏನ್ ಸಿಗ್ತದ?" ಅಂತ ಬಸಮ್ಮ ಒಮ್ಮೆ ಕೇಳಿದಳು. ಉತ್ತರಕ್ಕೆ ಕಾಯದೆ ತಾನೇ ಕೂತು ಅರ್ಧ ತಾಸು ಕೇಳಿದಳು.

ಸಂತೆಯಲ್ಲಿ ಛತ್ರಿ ರಿಪೇರಿ ಮಾಡುವವರೊಬ್ಬರು ಕೂಡುತ್ತಿದ್ದರು, ಮೈಬೂಬಸಾಬ. ನನ್ನ ಛತ್ರಿ ಕೊಟ್ಟಿದ್ದೆ. ಮಳೆ ಹೆಚ್ಚಾಗಿ ಸಂತೆ ಬೇಗ ಮುರಿದದ್ದಕ್ಕೆ ಅವರೇ ಅದನ್ನು ಹುಡುಕಿಕೊಂಡು ಮನೆಗೆ ತಂದರು. ಬಾಗಿಲಲ್ಲಿ ನಿಂತವರು ಒಳಗೆ ಬಂದು, ನನ್ನನ್ನು ಕೇಳದೆ, ಬಗ್ಗಿ ಒಂದು ಕಲ್ಲನ್ನು ಗೆಣ್ಣಿನಿಂದ ತಟ್ಟಿದರು.

"ಕಾಳಿ ಎರಡು," ಅಂದರು. "ತುಸು ಇಳದದ. ಆದ್ರ ಕಾಳಿ ಎರಡೇ."

ಹಾರ್ಮೋನಿಯಂನ ಕಪ್ಪು ಮನೆಗಳಿಂದ ಶ್ರುತಿ ಹೇಳುವ ಲೆಕ್ಕ ಅದು. ನನಗೆ ಅಷ್ಟು ಗೊತ್ತಿತ್ತು. "ನೀವು ಹಾಡ್ತೀರೇನ್ರೀ?"

"ಬಾರಸ್ತಿದ್ದೆರೀ. ಕ್ಲಾರನೆಟ್. ಬ್ಯಾಂಡ್ ಮಾಸ್ತರ್ ಇದ್ದೆ. ಕಲಬುರ್ಗಿ, ಹುಮನಾಬಾದ, ಜಹೀರಾಬಾದ, ಎಲ್ಲಾ ಕಡಿ ಮದಿವಿ. ಆಮ್ಯಾಲ ಡಿಜೆ ಬಂತು. ಎರಡು ಡಬ್ಬಿ ಮುಂದ ನಾವು ಹದಿನಾಕ ಮಂದಿ ಸೋತಿವಿ."

ಮುಂದಿನ ವಾರ ಅವರು ಹಳೆಯ ಕಪ್ಪು ಪೆಟ್ಟಿಗೆ ಹಿಡಿದು ಬಂದರು. ಕ್ಲಾರನೆಟ್ಟಿನ ಜೋಡಣೆಗೆ ಸುತ್ತಿದ್ದ ದಾರ ಹಸಿರು, ಕೀಲಿಗಳಲ್ಲೊಂದನ್ನು ಛತ್ರಿಯ ತಂತಿಯಿಂದ ಕಟ್ಟಿದ್ದರು. ಆದರೆ ಅವರಿಗೆ ಬೇಕಾಗಿದ್ದದ್ದು ಬೇರೆ. ಕ್ಲಾಸು ತಪ್ಪಿಸಿಕೊಂಡ ಮಕ್ಕಳಿಗಾಗಿ ಪಾಠ ರೆಕಾರ್ಡ್ ಮಾಡಲು ನಾನು ಒಂದು ಸಣ್ಣ ಯಂತ್ರ ತಂದಿದ್ದೆ. ಅದು ಅವರ ಕಣ್ಣಿಗೆ ಬಿದ್ದಿತ್ತು.

"ಮೇಡಂ, ಒಂದು ಮಾತು," ಅಂದರು. "ನನ್ನ ಮುಂದಿನ ಹಲ್ಲು ಎಲ್ಲಾ ಅಳ್ಳಾಡಾಕತ್ತಾವ. ಸಕ್ಕರಿ ಬ್ಯಾನಿ. ದಸರಾಕ್ಕ ಮೊದಲ ಎಲ್ಲಾ ಕೀಳಬೇಕಂತ ಕಲಬುರ್ಗಿ ಡಾಕ್ಟರ್ ಹೇಳ್ಯಾರ. ಮ್ಯಾಗಿನ ಹಲ್ಲು ಊರಿದ್ರನ ಇದು ನಿಂದರೋದು. ಹಲ್ಲು ಹೋದ್ರ ಆಟ ಮುಗೀತು. ಅದಕ್ಕಿಂತ ಮೊದಲ ನನ್ನ ಆವಾಜ್ ಒಮ್ಮೆ ಹಿಡದಿಡ್ರಿ."

"ಯಾರ ಹತ್ರಾನೂ ಇಲ್ಲೇನು?"

"ಮಂದಿ ಮೊಬೈಲಿನ್ಯಾಗ ಇರ್ತಾವ. ಕುಣಿಯೋರು ಕಾಣ್ತಾರ, ಪಟಾಕಿ ಕೇಳ್ತದ. ನಾ ಕೇಳಂಗಿಲ್ಲ."

ಅವತ್ತು ಅವರು ನಾಲ್ಕೈದು ಮದುವೆ ಹಾಡು ಬಾರಿಸಿದರು. ಚೊಕ್ಕಾಗಿ ಬಾರಿಸಿದರು. ತಿರುಗಿ ಹಾಕಿದಾಗ ಮಾತ್ರ, ಮುಗಿಯುವವರೆಗೆ ಕೇಳಿ, ಮುಖ ಸಣ್ಣದು ಮಾಡಿಕೊಂಡರು.

"ಛಲೋ ಬಂದದಲ್ರೀ ಮಾಸ್ತರ್," ಅಂದೆ.

"ಬಂದದ. ಆದ್ರ ಇದರಾಗ ಹಾಡಿನವರು ಅದಾರ, ಮದುಮಗ ಅದಾನ, ಕುದರಿ ಅದ. ನಾ ಎಲ್ಲಿದ್ದೀನಿ?" ಪೆಟ್ಟಿಗೆ ಪಕ್ಕಕ್ಕೆ ಸರಿಸಿ, "ನಿಮ್ಮ ಆ ಕಲ್ಲು ಒಂದ್ಸಲ ಬಡೀರಿ ನೋಡೂಣು," ಅಂದರು.

ಹೀಗೆ ಶುರುವಾಯಿತು. ನಾನು ಒಂದು ಕಲ್ಲು ಬಡಿಯುವುದು, ಅದು ಕರಗುವ ಮೊದಲು ಅವರು ಸ್ವರ ಹಿಡಿಯುವುದು. ಬುಧವಾರ ಮತ್ತು ಶನಿವಾರ ಮಧ್ಯಾಹ್ನ, ಹಣ್ಣಿನ ಕೋಣೆಯಲ್ಲಿ. ಶ್ರಾವಣ ಕಳೆಯುವವರೆಗೆ ಅಲ್ಲಿ ಗೊನೆ ಹಾಕುವುದಿರಲಿಲ್ಲ, ಬಸಮ್ಮ ಬೀಗದ ಕೈ ನನಗೇ ಕೊಟ್ಟಳು. ಕಿಂಡಿಯಿಂದ ಬೀಳುವ ಬೆಳಕಿನಲ್ಲಿ ಹುಲ್ಲಿನ ಧೂಳು ಮೇಲೆ ಕೆಳಗೆ ಆಡುತ್ತಿತ್ತು. ನಾವಿಬ್ಬರೂ ಆ ಬೆಳಕಿನ ಆಚೀಚೆ ಕೂಡುತ್ತಿದ್ದೆವು.

ಕಷ್ಟ ಬೇಗನೆ ಗೊತ್ತಾಯಿತು. ಅವರ ಬೆರಳು ಎರಡು ನಿಮಿಷದಲ್ಲಿ ಯಾವುದಾದರೂ ಹಾಡಿನೊಳಗೆ ಇಳಿದುಬಿಡುತ್ತಿತ್ತು. ಹಾಡು ಬಂದ ಕೂಡಲೇ ನನ್ನ ಕಲ್ಲುಗಳು ಅಪಸ್ವರ ಆಗುತ್ತಿದ್ದವು. ನಾನು ಕೈ ಎತ್ತಿ ನಿಲ್ಲಿಸುತ್ತಿದ್ದೆ. "ಮಾಸ್ತರ್, ಹಾಡು ಬಂತು." ಮತ್ತೆ ಶುರು. ಮತ್ತೆ, "ಹಾಡು ಬಂತು." ಪಾಠ ಹೇಳುವವಳ ಚಾಳಿ, ತಪ್ಪು ಕಂಡಲ್ಲಿ ಗೆರೆ ಎಳೆಯುವುದು. ಒಂದು ಶನಿವಾರ ಬಾಗಿಲ ಹತ್ತಿರ ನೆರೆಯವರು ನಾಲ್ಕು ಮಂದಿ ನಿಂತು ನೋಡುತ್ತಿದ್ದರು. ನಾನು ಐದನೆಯ ಸಲವೋ ಆರನೆಯ ಸಲವೋ ನಿಲ್ಲಿಸಿದೆ. ಯಾರೋ ಕಿಸಕ್ಕನೆ ನಕ್ಕರು.

ಮೈಬೂಬಸಾಬ ಕ್ಲಾರನೆಟ್ ಇಳಿಸಿದರು. "ನನಗ ಬರೋದನ್ನ ಬಾರಿಸಬ್ಯಾಡ ಅಂತೀರಿ, ಬರಲಾರದ್ದನ್ನ ಬಾರಿಸು ಅಂತೀರಿ," ಅಂದರು. ದನಿ ಏರಿಸಲಿಲ್ಲ. "ಹದಿನಾಕ ಮಂದಿಗೆ ನಾ ಕಲಿಸಿದವರೀ. ಒಬ್ಬನ್ನೂ ಹಿಂಗ ಮಂದಿ ಮುಂದ ನಿಂದ್ರಿಸಿಲ್ಲ."

ಕ್ಲಾರನೆಟ್ ಬಿಚ್ಚಿ, ಒಂದೊಂದೇ ತುಂಡು ಒರೆಸಿ, ಪೆಟ್ಟಿಗೆಯಲ್ಲಿಟ್ಟು ಹೋದರು. ಮಳೆ ಬರುತ್ತಿತ್ತು. ಛತ್ರಿ ರಿಪೇರಿ ಮಾಡುವ ಮನುಷ್ಯ ತೊಯ್ಸಿಕೊಂಡು ಹೋದದ್ದನ್ನು ನಾನು ನೋಡುತ್ತ ನಿಂತೆ, ಕರೆಯಲಿಲ್ಲ. ಕರೆಯಬೇಕಿತ್ತು.

ಎರಡು ವಾರ ಅವರು ಬರಲಿಲ್ಲ. ಸಂತೆಯಲ್ಲೂ ಕಾಣಲಿಲ್ಲ. ನಾನು ಒಬ್ಬಳೇ ಕೋಣೆಯಲ್ಲಿ ಕೂತು ಬಡಿದರೆ ಕಲ್ಲು ಬರೀ ಕಲ್ಲಿನ ಹಾಗೆ ಕೇಳುತ್ತಿತ್ತು. ಅಪ್ಪ ನೆನಪಾಗುತ್ತಿದ್ದರು. ಒಡೆದ ಕಲ್ಲನ್ನೂ ಅವರು ಎಸೆಯುತ್ತಿರಲಿಲ್ಲ, ಹೊಸ್ತಿಲ ಮಗ್ಗುಲಿಗೋ ಮೂಲೆಗೋ ಅದಕ್ಕೊಂದು ಜಾಗ ಹುಡುಕುತ್ತಿದ್ದರು. ನಾನು ಮಾಸ್ತರರಿಗೆ ಒಂದು ಜಾಗವನ್ನೂ ಬಿಟ್ಟಿರಲಿಲ್ಲ.

ಕೊನೆಗೆ ಅವರ ಮನೆ ಕೇಳಿಕೊಂಡು ಹೋದೆ. ಊರ ಅಂಚಿನಲ್ಲಿ ತಗಡಿನ ಮನೆ, ಮುಂದೆ ಒಂದು ಬೇವಿನ ಗಿಡ. ಅವರ ಹೆಂಡತಿ ರಾಬಿಯಾಬಿ ಬಾಗಿಲಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಳು. ನನ್ನನ್ನು ಕಂಡವಳೇ, "ಕಲ್ಲಿನ ಮೇಡಂ ನೀವೇ ಏನು?" ಅಂದಳು.

"ಹೌದು ಭಾಬಿ. ಮಾಸ್ತರ್ ಸಿಟ್ಟಾಗ್ಯಾರೇನು?"

"ಸಿಟ್ಟಿಲ್ಲ, ಹುಚ್ಚು ಹಿಡದದ. ಮುಂಜಾನಿ ನಮಾಜ್ ಆದಕೂಡ್ಲೆ ಪೆಟಗಿ ತಗೊಂಡು ಕೆರಿ ಕಡಿ ಹೋಗ್ತಾರ. ನಾ ಒಂದಿನ ಹಿಂದಿಂದ ಹೋಗಿ ನೋಡ್ದೆ. ಹಾಡು ಬಾರಸವಲ್ರು! ಒಂದು ಸುರ್ ಊದ್ತಾರ, ಸುಮ್ಮ ಕುಂಡ್ರತಾರ. ಕೆರ್ಯಾಗ ಯಾವುದರ ಹಕ್ಕಿ ಕೂಗ್ತದ, ಮತ್ತ ಊದ್ತಾರ. ಹಕ್ಕಿ ಕೂಗಲಿಲ್ಲಂದ್ರ ಇವರೂ ಊದಂಗಿಲ್ಲ. ನೀವೇನ್ ಮಾಡೀರಿ ನನ್ನ ಗಂಡಗ?"

ಅಷ್ಟರಲ್ಲಿ ಅವರೇ ಬಂದರು, ಪ್ಯಾಂಟಿಗೆ ಮೊಣಕಾಲವರೆಗೆ ಕೆಸರು. ನಾನು ಎದ್ದು ನಿಂತು, "ತಪ್ಪಾಯ್ತು ಮಾಸ್ತರ್. ಇನ್ನ ಮ್ಯಾಲ ನಿಂದ್ರಸಂಗಿಲ್ಲ. ಹಾಡು ಬಂದ್ರ ಬರ್ಲಿ," ಅಂದೆ.

ಅವರು ಬೇವಿನ ಬುಡಕ್ಕೆ ಕೆಸರು ಒರೆಸುತ್ತ ಹೇಳಿದರು. "ನಾಲ್ವತ್ತು ವರ್ಷ ಮಂದಿ ಹೇಳಿದ್ದ ಬಾರಿಸೀನಿ. ಬೆರಳಿಗೆ ಹಾಡು ಅಂಟಿ ಕುಂತಾವ. ಅವು ಕಳಚಾಕ ಟೈಮ್ ಬೇಕ್ರೀ. ನೀವು ಅವಸರ ಮಾಡಿದ್ರಿ, ಅಷ್ಟೇ." ಆಮೇಲೆ ನಕ್ಕರು. ಮುಂದಿನ ಒಂದು ಹಲ್ಲು ಆಗಲೇ ಇರಲಿಲ್ಲ. "ಸೋಮವಾರ ಡಾಕ್ಟರ್ ಕರದಾರ. ಶನಿವಾರ ಬರ್ತೀನಿ."

ಆ ಶನಿವಾರ ಬೆಳಿಗ್ಗೆಯೆಲ್ಲ ಮಳೆ ಸುರಿದು ಮಧ್ಯಾಹ್ನಕ್ಕೆ ನಿಂತಿತ್ತು. ಸೂರಿನಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಬಸಮ್ಮ ಬಾಗಿಲ ಸಂದಿಗೆ ಗೋಣಿಚೀಲ ತುರುಕಿ, ಹೊರಗೆ ಕಟ್ಟೆಯ ಮೇಲೆ ಕೂತು ಯಾರನ್ನೂ ಹತ್ತಿರ ಬಿಡಲಿಲ್ಲ. ಒಂದು ಹಣ್ಣಿನ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಯಂತ್ರ ಇಟ್ಟೆ. ಮೊದಲ ಸಲ ಶುರು ಮಾಡಿದಾಗ ಬಾಯಿಗಿಡುವ ಬೆತ್ತದ ಪತ್ತಿ ಸೀಳಿತು. ಬದಲಾಯಿಸಿದರು. ಎರಡನೆಯ ಸಲ ನನ್ನ ಲಟ್ಟಣಿಗೆ ಜಾರಿ ಹುಲ್ಲಿಗೆ ಬಿತ್ತು. ಮೂರನೆಯ ಸಲ ಗುಂಡಿ ಒತ್ತಿದೆ. ಯಂತ್ರದ ಕೆಂಪು ದೀಪ ಉರಿಯುತ್ತಿತ್ತು.

ಮೊದಲು ಬಂದದ್ದು ಬರೀ ಉಸಿರು. ಕ್ಲಾರನೆಟ್ಟಿನೊಳಗೆ ಗಾಳಿ ಹೋಗಿ ಬರುವ ಸಪ್ಪಳ, ಸ್ವರವಲ್ಲ. ನಾನು ತೊಗರಿ ಕಟ್ಟನ್ನು ಅಲುಗಿಸಿದೆನೋ ಇಲ್ಲವೋ ಅನ್ನುವಷ್ಟು ಅಲುಗಿಸಿದೆ. ಉಸಿರಿನೊಳಗಿಂದ ಒಂದು ಸ್ವರ ಮೂಡಿತು. ಹಂಡೆ ಬಡಿದು ಓರೆ ಮಾಡಿದೆ, ಅವರು ಅದರ ಜೊತೆಗೇ ಬಾಗಿದರು. ಆಮೇಲೆ ಯಾವುದು ಮೊದಲು ಯಾವುದು ನಂತರ ನನಗೆ ಹೇಳಲು ಬರುವುದಿಲ್ಲ. ಒಂದು ಹೊತ್ತಿನಲ್ಲಿ ಅವರ ಕ್ಲಾರನೆಟ್ ನೀರುಹಕ್ಕಿಯ ಹಾಗೆ ಕೀರಲಾಗಿ ಕೂಗಿತು. ಒಂದು ಹೊತ್ತಿನಲ್ಲಿ ಮದುವೆಯ ಹಾಡೊಂದರ ತುಣುಕು ತೇಲಿ ಬಂತು. ನಾನು ನಿಲ್ಲಿಸಲಿಲ್ಲ, ಎರಡು ಕಲ್ಲು ಬಡಿದೆ. ಅದು ಅಪಸ್ವರವಾಗಿಯೇ ಕೂಡಿತು, ಹಾಡು ತಾನಾಗಿ ಕಳಚಿ ಬೇರೇನೋ ಆಗಿ ಹೋಯಿತು. ಅಪ್ಪ ಒಂದೊಂದು ಕಲ್ಲನ್ನು ಯಾವ ಮನೆಯಿಂದ ತಂದಿರಬಹುದು, ಆ ಮನೆಯಲ್ಲಿ ಆಗ ಏನು ಅಡಿಗೆ ಆಗಿತ್ತೋ, ಇಂಥದ್ದೆಲ್ಲ ನೀರಿನಡಿಯಲ್ಲಿ ಕಂಡ ಹಾಗೆ ತಲೆಯಲ್ಲಿ ಹಾದುಹೋಯಿತು. ಕಿಂಡಿಯ ಬೆಳಕು ನನ್ನ ಮೊಣಕಾಲಿನಿಂದ ಅವರ ಪಾದಕ್ಕೆ ಸರಿಯಿತು.

ನಡುವೆ ಅವರು ನಿಲ್ಲಿಸಿಬಿಟ್ಟರು. ನಾನೂ ಬಡಿಯಲಿಲ್ಲ. ಸೂರಿನ ಹನಿ ಹೊರಗೆ ಯಾವುದೋ ಪಾತ್ರೆಯಲ್ಲಿ ಬೀಳುತ್ತಿತ್ತು. ಅವರ ಕಣ್ಣು ಮುಚ್ಚಿತ್ತು. ಹಲ್ಲು ನೋಯುತ್ತಿರಬೇಕು, ಇಲ್ಲಿಗೆ ಮುಗಿಯಿತು ಅಂದುಕೊಂಡು ಯಂತ್ರ ಬಂದ್ ಮಾಡಲು ಕೈ ಚಾಚಿದೆ. ಯಾಕೋ ಮಾಡಲಿಲ್ಲ. ಆಗ ಅತಿ ತಗ್ಗಿನಲ್ಲಿ, ಕ್ಲಾರನೆಟ್ಟಿನ ತಳದಿಂದ, ಒಂದು ಸ್ವರ ಬಂತು. ಅದು ನಡುಗುತ್ತಿತ್ತು, ಆದರೆ ಬಹಳ ಹೊತ್ತು ನಿಂತಿತು. ಕಾಳಿ ಎರಡಕ್ಕಿಂತ ತುಸು ಇಳಿದ ಕಲ್ಲನ್ನು ಮೆಲ್ಲಗೆ ಮುಟ್ಟಿದೆ. ಎರಡೂ ಒಟ್ಟಿಗೆ ಕರಗಿದವು.

ಅವರು ಕ್ಲಾರನೆಟ್ ಇಳಿಸಿದಾಗ ಪತ್ತಿಯ ಮೇಲೆ ರಕ್ತವಿತ್ತು. ಅಂಗಿಯ ತುದಿಯಿಂದ ಒರೆಸಿಕೊಂಡು, "ಆತ್ರೀ ಮೇಡಂ," ಅಂದರು.

ಸೋಮವಾರ ಹಲ್ಲು ಹೋದವು. ಕಟ್ಟಿಸಿಕೊಂಡ ಹಲ್ಲಿನಲ್ಲಿ ಮುಂದೆ ಎಷ್ಟೋ ಸಲ ಊದಿ ನೋಡಿದರು, ಹಲ್ಲು ಜಾರುತ್ತಿತ್ತು, ಸ್ವರ ನಿಲ್ಲಲಿಲ್ಲ. ಅದನ್ನು ಅವರು ದೊಡ್ಡದು ಮಾಡಲಿಲ್ಲ. ಛತ್ರಿ ರಿಪೇರಿ ನಡೆದೇ ಇತ್ತು, ಈಗಲೂ ನಡೆದಿದೆ ಅಂತ ಬಸಮ್ಮ ಫೋನಿನಲ್ಲಿ ಹೇಳುತ್ತಾಳೆ. ವರ್ಷ ತುಂಬಿ ನಾನು ಕಲಬುರಗಿಗೆ ಮರಳಿದೆ. ಕಲ್ಲುಗಳು ನನ್ನ ಜೊತೆಗಿವೆ.

ಆದರೆ ಹಲ್ಲು ಕಿತ್ತ ಮೂರನೆಯ ವಾರದ ಒಂದು ಮಧ್ಯಾಹ್ನದ ಮಾತು ಉಳಿದಿದೆ. ರೆಕಾರ್ಡಿಂಗ್ ತೆಗೆದುಕೊಂಡು ಅವರ ಮನೆಗೆ ಹೋಗಿದ್ದೆ. ಗಾಯ ಮಾಗಿತ್ತು, ಕೆನ್ನೆ ಒಳಗೆ ಹೋಗಿ ಮಾಸ್ತರ್ ಬೇರೆ ಯಾರೋ ಆಗಿ ಕಾಣುತ್ತಿದ್ದರು. ಮಾತು ತೊದಲುತ್ತಿತ್ತು. ಒಂದು ಸಣ್ಣ ಸ್ಪೀಕರಿಗೆ ಹಚ್ಚಿ ಕೇಳಿಸಿದೆ. ರಾಬಿಯಾಬಿ ಒಲೆಯ ಹತ್ತಿರ ರೊಟ್ಟಿ ಬಡಿಯುತ್ತಿದ್ದಳು. ಕ್ಲಾರನೆಟ್ ಶುರುವಾದದ್ದೇ ಅವಳ ಕೈ ನಿಂತಿತು.

ಆ ನಡುವಿನ ಮೌನ ಬಂದಾಗ ನಾನು, "ಇದೊಂದು ಖಾಲಿ ಬಿದ್ದದ ಮಾಸ್ತರ್. ಬೇಕಿದ್ರ ಇದನ್ನ ಕತ್ತರಿಸಿ ಜೋಡಸ್ತೀನಿ," ಅಂದೆ.

ಅವರು ಕೈ ಅಡ್ಡ ಹಿಡಿದರು. "ಮುಟ್ಟಬ್ಯಾಡ್ರಿ," ಅಂದರು ತೊದಲುತ್ತ. "ನಾ ಯಾವಾಗ್ಲೂ ಮೆರವಣಿಗ್ಯಾಗ ನಡಕೋತ ಬಾರಿಸಿದವ. ಬಾರಿಸಿದ್ದನ್ನ ಕುಂತು ಕೇಳಿಲ್ಲ. ಅಲ್ಲಿ ಕುಂತು ಕೇಳಾಕತ್ತಿದ್ದೆರೀ."

ಪೂರ್ತಿ ಮುಗಿಯಿತು. ಹಂಚಿನ ಮೇಲಿನ ರೊಟ್ಟಿ ಕರಕಾಗಿ ಹೊಗೆ ಬರುತ್ತಿತ್ತು. ರಾಬಿಯಾಬಿ ಅದನ್ನು ತೆಗೆದು ಪಕ್ಕಕ್ಕಿಟ್ಟು ಕೇಳಿದಳು.

"ಇದು ಯಾರ ಮದಿವೀದು?"

"ಯಾರದೂ ಅಲ್ಲ," ಅಂದರು ಮಾಸ್ತರ್.

ಅವಳು ನನ್ನ ಕಡೆ ತಿರುಗಿದಳು. "ನಮ್ಮ ಮದಿವ್ಯಾಗ ಬ್ಯಾಂಡ್ ಇರಲಿಲ್ಲರೀ ಮೇಡಂ. ಸೀಜನ್ ಇತ್ತು. ಇವರ ಮಂದಿ ಎಲ್ಲಾ ಬ್ಯಾರೆಯವರ ಮದಿವಿಗೆ ಹೋಗಿದ್ರು. ಸಪ್ಪಳ ಇಲ್ಲದ ಬಂದೆ ನಾ ಈ ಮನಿಗೆ. ಒಂದಿನಾನೂ ಅಂದಿಲ್ಲ."

ಮಾಸ್ತರ್ ತಲೆ ತಗ್ಗಿಸಿ ಕೂತಿದ್ದರು. ರಾಬಿಯಾಬಿ ಹಿಟ್ಟಿನ ಕೈ ತೊಳೆದಳು. ಸೆರಗು ತಲೆಯ ಮೇಲೆ ಎಳೆದುಕೊಂಡು ಬಂದು ಗಂಡನ ಪಕ್ಕ ಚಾಪೆಯ ಮೇಲೆ ಕೂತಳು.

"ಯಾರದೂ ಅಲ್ಲಂದ್ರ ನಮ್ಮದು," ಅಂದಳು. "ಮೊದಲಿಂದ ಹಚ್ಚರಿ."